ಮೊದಲನೆಯದು ಮಾತ್ರ ಅಪ್ಪಟ

ಬಂಗಾರಪೇಟೆಯಲ್ಲಿ ಬಂಗಾರ ಇರುವುದು
ಊರಿನ ಹೆಸರಲ್ಲಿ, ರೈಲು ನಿಲ್ದಾಣದ ಹಳದಿ ಹಲಗೆಯಲ್ಲಿ,
ಆಮೇಲೆ ನನ್ನ ಅಂಗಡಿಯಲ್ಲಿ ಒಂದಿಷ್ಟು,
ಅದೂ ಅಡವಿಟ್ಟವರದು.

ಮಿಕ್ಕದ್ದೆಲ್ಲ ಬಾಯಲ್ಲಿ.
ಗಣಿ ಮುಚ್ಚಿದ ಮೇಲೆ ಚಿನ್ನ ಹೆಚ್ಚಾಗಿದೆ ಇಲ್ಲಿ:
ದೊರೆಗಳು ಹೋಗುವಾಗ ಸುರಂಗದಲ್ಲೇ ಬಿಟ್ಟ ಹದಿನೆಂಟು ಪೆಟ್ಟಿಗೆ,
ಸೈನೈಡ್ ದಿಬ್ಬದ ಕೆಳಗೆ ಯಾರೋ ಹೂತ ಗಟ್ಟಿ,
ಬೂದಿಕೋಟೆಯ ಬಂಡೆ ಸಂದಿಯಲ್ಲಿ ಹಾವು ಕಾಯುವ ಕೊಪ್ಪರಿಗೆ.
ನೋಡಿದವರು ಯಾರು ಅಂದರೆ
ನೋಡಿದವರನ್ನು ನೋಡಿದವರು.
ಅವರ ಮನೆ ಎಲ್ಲಿ ಅಂದರೆ
ಕಾಮಸಮುದ್ರದ ಆಚೆ, ತೀರಿಕೊಂಡು ಆರು ವರ್ಷವಾಯಿತು.

ನಾನು ನಂಬುವವನಲ್ಲ.
ನಮ್ಮಪ್ಪ ಕಾಳಾಚಾರ್ ಬಿಟ್ಟುಹೋದದ್ದು ಎರಡೇ:
ಈ ಕರಿಯ ಒರೆಗಲ್ಲು, ಮತ್ತೆ ಒಂದು ಮಾತು.
ನಿಧಿ ಸಿಕ್ಕವನು ಪಾಲುದಾರರನ್ನು ಹುಡುಕೋದಿಲ್ಲ ಕಣೋ.

ಆವತ್ತು ಮಧ್ಯಾಹ್ನ ಮುನಿರತ್ನಮ್ಮ ಬಂದಳು.
ರೈಲ್ವೆ ಗೇಟಿನ ಪಕ್ಕ ಇಪ್ಪತ್ತಾರು ವರ್ಷ ಇಡ್ಲಿ ಬೇಯಿಸಿದ ಕೈ
ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯ ಇಟ್ಟಿತು.
ಮಣ್ಣು ಮೆತ್ತಿತ್ತು.
ಮಣ್ಣು ಹೊಸದಾಗಿತ್ತು.
"ಯಾರದೋ, ನೋಡು ಆಚಾರಿ, ಚಿನ್ನಾನಾ?"
ಯಾರದು, ಎಲ್ಲಿಯದು, ನಾನು ಕೇಳಲಿಲ್ಲ.
ಕೇಳುವುದು ನನ್ನ ಕಸುಬಲ್ಲ.
ಉಜ್ಜಿದೆ. ಆಸಿಡ್ಡಿನ ಹನಿ ಬಿಟ್ಟೆ. ಗೆರೆ ಅಲುಗಲಿಲ್ಲ.
ಅಪ್ಪಟ, ಅಂದೆ.
ನಲವತ್ತು ರೂಪಾಯಿ ತಗೊಂಡೆ.

ಆ ಒಂದು ಮಾತು ಮಡಿಲಲ್ಲಿ ಕಟ್ಟಿಕೊಂಡು ಹೋದಳು
ಪಾಯ ತೋಡುವಾಗ ಮಡಕೆ ಸಿಕ್ಕಿತು ಎಂದವನ ಹತ್ತಿರ,
ತಂಗಿ ಮದುವೆ, ಪೋಲೀಸರ ಭಯ, ಯಾರಿಗೂ ಹೇಳಬೇಡಿ ಅಕ್ಕಾ ಎಂದು
ಕಣ್ಣೀರನ್ನೂ ತೂಕ ಹಾಕಿ ಸುರಿಸಿದವನ ಹತ್ತಿರ.
ಮೂರು ಲಕ್ಷದ ಎಂಬತ್ತು ಸಾವಿರ.
ಚೀಟಿ ಎತ್ತಿದ್ದು, ಅಂಚೆ ಕಚೇರಿಯಲ್ಲಿ ಇಟ್ಟಿದ್ದು.

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ.
ನಿಜದ್ದೊಂದು ಕಾಲು ಕಟ್ಟಿಕೊಟ್ಟವನು ನಾನೇ.

ಮೂರನೆಯ ದಿನ ಗೋಣಿಚೀಲ ತಂದಳು,
ಬಾಗಿಲು ಎಳೆದು ಸುರಿದಳು.
ಸದ್ದಿಗೇ ಗೊತ್ತಾಯಿತು; ಚಿನ್ನ ಹಾಗೆ ಕಿರುಚುವುದಿಲ್ಲ.
"ಹಿತ್ತಾಳೆ."
"ಎಲ್ಲಾನೂ?"
"ಎಲ್ಲಾನೂ."
"ಉಜ್ಜು."

ಉಜ್ಜಿದೆ. ಮುನ್ನೂರ ಹನ್ನೆರಡು.
ಒಂದೊಂದಕ್ಕೂ ಗೆರೆ, ಒಂದೊಂದಕ್ಕೂ ಹನಿ, ಹಸಿರು ನೊರೆ.
ಮಾರಿಕುಪ್ಪಂ ಕಡೆಯ ಕೊನೆಯ ರೈಲು ಹೋಯಿತು.
ಇನ್ನೂರು ದಾಟಿದ ಮೇಲೆ, ನಾಚಿಕೆಬಿಟ್ಟು ಹೇಳುತ್ತೇನೆ,
ಹನಿ ಬಿಡುವ ಮುಂಚೆ ನನ್ನ ಕೈ ಒಂದು ಗಳಿಗೆ ತಡೆಯುತ್ತಿತ್ತು.
ನಂಬದವನ ಕೈ.
ಇದು ಇರಬಹುದೇನೋ.
ಇದಲ್ಲದಿದ್ದರೆ ಇದು.

ಅವಳು ನಾಣ್ಯ ನೋಡುತ್ತಿರಲಿಲ್ಲ,
ನನ್ನ ಮುಖ ನೋಡುತ್ತಿದ್ದಳು.
ಆ ದಿನವೆಲ್ಲ ಮೊದಲ ಸಲ ನಕ್ಕಳು:
"ಸಾಕು ಬಿಡು ಆಚಾರಿ. ನಿಂಗೂ ಅಂಟಿಕೊಂತು."

ಪೋಲೀಸರು ಬರೆದುಕೊಂಡರು.
ಸಾಕ್ಷಿಗೆ ಬೇಕೆಂದು ಆ ಮೊದಲನೆಯದನ್ನು ಇಟ್ಟುಕೊಂಡರು,
ಹಿತ್ತಾಳೆ ನೀವೇ ತಗೊಂಡು ಹೋಗಿ ಅಮ್ಮ ಅಂದರು.

ಈಗ ಅವಳ ಕ್ಯಾಂಟೀನಿನಲ್ಲಿ ಕಾಗದದ ಟೋಕನ್ ಇಲ್ಲ.
ಒಂದು ಮೊಹರಿಗೆ ಒಂದು ಕಾಫಿ, ಎರಡಕ್ಕೆ ಇಡ್ಲಿ ವಡೆ.
ಗಲ್ಲಾದ ಮೇಲೆ ಬಳಪದಲ್ಲಿ ಬರೆಸಿದ್ದಾಳೆ:
ನಿಧಿಯನ್ನು ಇಲ್ಲೇ ಬಿಟ್ಟುಹೋಗತಕ್ಕದ್ದು.
ಕಾಲೇಜು ಹುಡುಗರು ಫೋಟೋ ತೆಗೆಯುತ್ತಾರೆ.
ಅವಳು ಸಂಜೆ ಎಣಿಸುತ್ತಾಳೆ;
ಹೋದ ವಾರ ನಾಲ್ಕು ಕಡಿಮೆ ಬಂತಂತೆ,
ಹಿತ್ತಾಳೆಯನ್ನೂ ಕದಿಯೋ ಜನ ಇದ್ದಾರಲ್ಲ ಎಂದು ಬೈದಳು.

ನಾನೂ ದಿನಾ ಬೆಳಿಗ್ಗೆ ಒಂದು ತಗೊಳ್ಳುತ್ತೇನೆ.
ಗಲ್ಲಾದಿಂದ ಒಲೆಯ ತನಕ ಏಳು ಹೆಜ್ಜೆ.
ಕೊಡುವ ಮುನ್ನ, ಯಾರೂ ನೋಡದ ಹಾಗೆ,
ಹೆಬ್ಬೆರಳ ಉಗುರಿನಿಂದ
ಅದರ ಅಂಚನ್ನು ಒಮ್ಮೆ ಕೆರೆಯುತ್ತೇನೆ.